ಕಾಲಿರುವ ಸೋರಿಕೆ

"ಅಜ್ಜಾರ, ಯಾರೂ ಜಗಳ ಆಡಿಲ್ಲ, ಯಾರೂ ಯಾರಿಗೂ ಒಂದು ಕೆಟ್ಟ ಮಾತು ಅಂದಿಲ್ಲ. ಹಂಗಿದ್ರೂ ಮನ್ಯಾಗಿನ ಪ್ರೀತಿ ದಿನಾ ಇಷ್ಟಿಷ್ಟ ಇಳಕೋಂತ ಹೊಂಟೈತಿ. ಎಲ್ಲಿ ಸೋರತೈತಿ ಅಂತ ತಿಳೀವಲ್ದು. ನೀವರ ಹೇಳ್ರಿ."

ಕೇಳಿದವನು ಫಕೀರಪ್ಪ. ಹಿಟ್ಟಿನ ಗಿರಣಿ ಇಟ್ಟವನು, ಇಪ್ಪತ್ತು ವರ್ಷಗಳಿಂದ ಗುರುಪಾದಜ್ಜನವರ ಮಠಕ್ಕೆ ನಡೆದುಕೊಂಡವನು. ಅಜ್ಜ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಸನ್ಯಾಸಕ್ಕೆ ಬರುವ ಮೊದಲು ಅವರು ಬಸ್ ಡಿಪೋದಲ್ಲಿ ವೈರಿಂಗ್ ಕೆಲಸ ಮಾಡಿದವರು. ಹಾಗಾಗಿ ಅವರ ಕತೆಗಳಲ್ಲಿ ರಾಜ, ಋಷಿ ಬರುವುದು ಅಪರೂಪ. ಬ್ಯಾಟರಿ, ಡೈನಮೊ ಬರುವುದೇ ಹೆಚ್ಚು.

"ಯಾರ ಪ್ರೀತಿ ಇಳಿದದ್ದು?" ಅಂದರು ಅಜ್ಜ.

ಫಕೀರಪ್ಪ ಮಗನ ಸಂಗತಿ ಹೇಳಿದ. ಮಗ ಸಂಗಮೇಶ ನಾಲ್ಕು ವರ್ಷ ಕುಡಿತಕ್ಕೆ ಬಿದ್ದಿದ್ದ. ಹೋದ ಯುಗಾದಿಗೆ ಇದೇ ಕಟ್ಟೆಯ ಮೇಲೆ ಅಜ್ಜನ ಪಾದ ಮುಟ್ಟಿ ಕುಡಿತ ಬಿಟ್ಟ. ಅಂದಿನಿಂದ ಒಂದು ಹನಿ ನಾಲಿಗೆಗೆ ಸೋಕಿಸಿಲ್ಲ. ಗಿರಣಿಯನ್ನು ಅವನೇ ನಡೆಸುತ್ತಾನೆ. ಅಪ್ಪ ಬೈದಿಲ್ಲ, ಹಳೆಯದನ್ನು ಎತ್ತಿ ಆಡಿಲ್ಲ. ಆದರೂ ಮಗ ಮೊದಲು ಮಾತು ಕಡಿಮೆ ಮಾಡಿದ, ಆಮೇಲೆ ಜೊತೆಗೆ ಕೂತು ಉಣ್ಣುವುದನ್ನು ಬಿಟ್ಟ. ಈಗ ಬೇರೆ ಊರಿನ ಗಿರಣಿಯಲ್ಲಿ ಕೆಲಸ ನೋಡಿದ್ದೇನೆ, ಸೋಮವಾರ ಹೋಗುತ್ತೇನೆ ಅನ್ನುತ್ತಾನೆ. ಯಾಕಪ್ಪ ಎಂದು ಕೇಳಿದರೆ ಅವನದು ಒಂದೇ ಮಾತು: "ದಣದೀನಪ್ಪಾ."

"ಗಿರಣಿ ಕೆಲಸ ಅಂಥಾ ದಣಿವಿಂದಲ್ರಿ," ಅಂದ ಫಕೀರಪ್ಪ. "ಕಣ್ಣ ಮುಂದ ಇದ್ದಾನಂತ ಇಷ್ಟರ ಉಳದಾನ. ಕಣ್ಮರಿ ಆದ್ರ ಮತ್ತ ಅದ ದಾರಿ ಹಿಡೀತಾನ. ಇರಾಂವ ಒಬ್ಬನ ಮಗ. ನನಗ ಎದಿ ನಡಗಾಕ ಹತ್ತೈತ್ರಿ."

ಅಜ್ಜ ಒಂದು ಕಾಳು ಬಾಯಿಗೆ ಹಾಕಿಕೊಂಡು ಕತೆ ಶುರು ಮಾಡಿದರು.

ಒಂದೂರಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ. ಮದುವೆಯಾದ ಹನ್ನೊಂದನೆಯ ವರ್ಷಕ್ಕೆ ಅವನ ಹೆಂಡತಿ ಬಸುರಿಯಾದಳು. ಇವಳಿಗೆ ಬಿಪಿ ಹೆಚ್ಚಿದೆ, ನೋವು ಕಾಣಿಸಿದ ಕೂಡಲೇ ಹೊರಟು ಬನ್ನಿ, ತಡವಾದರೆ ತಾಯಿ ಮಗು ಇಬ್ಬರಿಗೂ ಕಷ್ಟ ಎಂದು ಡಾಕ್ಟರು ಹೇಳಿದರು. ಆಸ್ಪತ್ರೆ ಒಂದು ತಾಸಿನ ದಾರಿ. ಊರಲ್ಲಿ ಬೇರೆ ಗಾಡಿ ಇರಲಿಲ್ಲವೇ ಎಂದು ಕೇಳಬೇಡ, ನನ್ನ ಕತೆಯಲ್ಲಿ ಇರಲಿಲ್ಲ. ವ್ಯಾಪಾರಿ ಹಿಂದೆ ಮುಂದೆ ನೋಡದೆ ಒಂದು ಕಾರು ಕೊಂಡು ಬಾಗಿಲ ಮುಂದೆ ನಿಲ್ಲಿಸಿದ. ಬಟ್ಟೆಯ ಗಂಟನ್ನು ಆಗಲೇ ಹಿಂದಿನ ಸೀಟಿನಲ್ಲಿಟ್ಟ. ಆ ಗಾಡಿಗೆ ಬೇರೆ ಯಾವ ಕೆಲಸವನ್ನೂ ಹಚ್ಚಲಿಲ್ಲ. ಸಂತೆಗೆ ಹೋಗಬೇಕಾದರೂ ಬಸ್ಸು ಹತ್ತಿದ. ಇದು ಆಸ್ಪತ್ರೆಯ ದಾರಿಗಷ್ಟೇ ಇರಲಿ ಅಂದ.

ತಿಂಗಳ ತಪಾಸಣೆಗೆ ಹೊರಟ ಬೆಳಿಗ್ಗೆ ಕೀ ತಿರುಗಿಸಿದರೆ ಗಾಡಿ ಕಟಕಟ ಅಂತು, ಸುಮ್ಮನಾಯಿತು. ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು. ನೆರೆಯವರು ಬಂದು ತಳ್ಳಿದ ಮೇಲೆ ಚಾಲೂ ಆಯಿತು. ವ್ಯಾಪಾರಿ ಅಂದೇ ಹೊಸ ಬ್ಯಾಟರಿ ಹಾಕಿಸಿದ. ನಾಲ್ಕು ದಿನಕ್ಕೆ ಅದೂ ಇಳಿಯಿತು.

ನಿಂತ ಗಾಡಿ. ದೀಪ ಹಚ್ಚಿಲ್ಲ, ಹಾಡು ಹಾಕಿಲ್ಲ, ಒಂದು ಹಾರ್ನು ಹೊಡೆದಿಲ್ಲ. ಹಾಗಾದರೆ ತಿಂದವರು ಯಾರು?

ಒಬ್ಬ ಮೆಕ್ಯಾನಿಕ್ ಬಂದ. ಡಿಕ್ಕಿ ಮುಚ್ಚಿದ ಮೇಲೂ ಒಳಗಿನ ದೀಪ ಉರಿಯುತ್ತಿರಬೇಕು, ಅದೇ ಕಳ್ಳ ಎಂದು ಬಲ್ಬು ಕಿತ್ತುಕೊಟ್ಟು ಹೋದ. ಬ್ಯಾಟರಿ ಮತ್ತೆ ಇಳಿಯಿತು. ಇನ್ನೊಬ್ಬ ಬಂದು ಹಾಡಿನ ಪೆಟ್ಟಿಗೆಯದೇ ತಪ್ಪು ಎಂದು ಅದರ ವೈರು ಬಿಚ್ಚಿದ. ಬ್ಯಾಟರಿ ಮತ್ತೆ ಇಳಿಯಿತು. ವ್ಯಾಪಾರಿಯ ಅತ್ತೆ ಊರವರ ದೃಷ್ಟಿ ತಾಗಿದೆ ಎಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿದಳು. ನಿಂಬೆಹಣ್ಣು ಒಂದು ವಾರ ಬಾಳಿತು, ಬ್ಯಾಟರಿ ಅಷ್ಟೂ ಬಾಳಲಿಲ್ಲ.

ಹೆಂಡತಿಗೆ ಒಂಬತ್ತು ತುಂಬಿತು. ವ್ಯಾಪಾರಿಗೆ ಅನ್ನ ಸೇರದಾಯಿತು. ಇವತ್ತೇ ನೋವು ಬಂದು ಇವತ್ತೇ ಗಾಡಿ ಕೈ ಕೊಟ್ಟರೆ ಏನು ಗತಿ ಎಂದು ಅವನಿಗೆ ಅಳುವೇ ಬರುತ್ತಿತ್ತು. ಯಾರೋ ಪಕ್ಕದೂರಿನ ವೈರಿಂಗ್ ಮೇಸ್ತ್ರಿಯ ಹೆಸರು ಹೇಳಿದರು. ವ್ಯಾಪಾರಿ ಹೇಳಿ ಕಳಿಸಿದ.

ಮೇಸ್ತ್ರಿ ಸೈಕಲ್ಲಿನ ಮೇಲೆ ಬಂದ. ಬಗಲ ಚೀಲದಲ್ಲಿ ಒಂದು ಮೀಟರು, ಅಷ್ಟೇ. ಮೊದಲು ಚಹಾ ಕುಡಿದ. ಆಮೇಲೆ ಬಾನೆಟ್ ಎತ್ತಿ, ಮೀಟರಿನ ಇಕ್ಕಳದಂಥ ಬಾಯಿಗೆ ಬ್ಯಾಟರಿಯ ಕಪ್ಪು ವೈರನ್ನು ಕಚ್ಚಿಸಿದ. ಬ್ಯಾಟರಿಯಿಂದ ಎಷ್ಟು ಕರೆಂಟು ಹೊರಗೆ ಹೋಗುತ್ತಿದೆಯೋ ಅಷ್ಟನ್ನು ಆ ಮೀಟರು ತೋರಿಸುತ್ತದೆ. ನಾಲ್ಕೂ ಬಾಗಿಲು ಹಾಕಿ ಲಾಕ್ ಮಾಡಿಸಿದ. ಮೀಟರು ಐದು ತೋರಿಸಿತು.

"ನೋಡ್ರಿ, ಸೋರಾಕ ಹತ್ತೈತಿ," ಅಂದ ವ್ಯಾಪಾರಿ.

"ಬಾಗಿಲಾ ಹಾಕಿದ್ದು ಈಗರಿ," ಅಂದ ಮೇಸ್ತ್ರಿ. "ನಾವಾದ್ರೂ ಹಾಸಿಗಿ ಮ್ಯಾಲ ಬಿದ್ದ ಕೂಡಲೆ ನಿದ್ದಿ ಮಾಡ್ತೀವೇನು? ಅದೂ ಮಲಗಬೇಕಲ್ಲ. ಅರ್ಧ ತಾಸು ತಡೀರಿ."

ಗಾಡಿಯೂ ಮಲಗುತ್ತದೆ ಎಂಬುದು ವ್ಯಾಪಾರಿಗೆ ಗೊತ್ತಿರಲಿಲ್ಲ. ಈಗಿನ ಗಾಡಿಗಳಲ್ಲಿ ಬಾಗಿಲಿಗೊಂದು, ದೀಪಕ್ಕೊಂದು, ಬೀಗಕ್ಕೊಂದು ಎಂದು ಸಣ್ಣ ಸಣ್ಣ ಪೆಟ್ಟಿಗೆಗಳಿರುತ್ತವೆ, ನಾವು ಇಳಿದು ಹೋದ ಮೇಲೂ ಅವು ಸ್ವಲ್ಪ ಹೊತ್ತು ಎಚ್ಚರ ಇರುತ್ತವೆ, ಆಮೇಲೆ ಒಂದೊಂದಾಗಿ ಕಣ್ಣು ಮುಚ್ಚುತ್ತವೆ ಎಂದು ಮೇಸ್ತ್ರಿ ವಿವರಿಸಿದ. ಇಬ್ಬರೂ ಮೀಟರು ನೋಡುತ್ತ ಕೂತರು. ಐದು ಇದ್ದದ್ದು ಮೂರಾಯಿತು.

"ಒಂದು ನಿಮಿಷ ತಡೀರಿ ಅಜ್ಜಾರ," ಎಂದು ಫಕೀರಪ್ಪ ಫೋನು ತೆಗೆದ. ಗಿರಣಿ ಮುಚ್ಚುವ ಹೊತ್ತಾಗಿತ್ತು. ಸ್ವಲ್ಪ ಆಚೆ ತಿರುಗಿ, ದನಿ ಇಳಿಸಿ ಹೆಂಡತಿಯನ್ನು ಕೇಳಿದ: "ನೀಲವ್ವ, ಸಂಗ್ಯಾ ಬಂದನೇನು? ಹತ್ತಿರ ಹೋಗಿ ಮಾತಾಡಿಸಿದ್ಯೋ ಇಲ್ಲೋ? ದೂರ ನಿಂತ್ರ ಏನ್ ತಿಳೀತೈತಿ. ಚಹಾ ಕೊಡೋ ನೆವದಾಗ ಹತ್ತಿರ ಹೋಗು, ವಾಸನಿ ಐತೇನ್ ನೋಡು. ನಾ ಮತ್ತ ಫೋನ್ ಮಾಡ್ತೀನಿ."

ಅಜ್ಜ ನಾಲ್ಕು ಶೇಂಗಾ ಸುಲಿದು ಮುಗಿಸಿದರು. ಫಕೀರಪ್ಪ ಫೋನನ್ನು ಕೈಯಲ್ಲೇ ಹಿಡಿದುಕೊಂಡು ಈ ಕಡೆ ತಿರುಗಿದ. "ಮೂರಾತು ಅಂದ್ರಿ. ಮುಂದ?"

ಮೂರು ಇದ್ದದ್ದು ಒಂದಾಯಿತು. ಒಂದು ಇದ್ದದ್ದು ಸೊನ್ನೆಯ ಹತ್ತಿರ ಬಂದು ನಿಂತಿತು. ಗಾಡಿ ಮಲಗಿತು. ಹೀಗೆ ಮಲಗಿದರೆ ಈ ಬ್ಯಾಟರಿ ಒಂದು ತಿಂಗಳು ನಿಂತರೂ ಗಟ್ಟಿ ಎಂದ ಮೇಸ್ತ್ರಿ. ಅಷ್ಟರಲ್ಲಿ ಅಂಗಡಿಗೆ ಗಿರಾಕಿ ಬಂದನೆಂದು ವ್ಯಾಪಾರಿ ಎದ್ದು ಹೋದ. ಮೇಸ್ತ್ರಿ ಬೀಡಿ ಹಚ್ಚಬೇಕೆನ್ನುವುದರೊಳಗೆ ಮೀಟರು ಸೊನ್ನೆಯಿಂದ ಆರಕ್ಕೆ ಹಾರಿತು.

ಮೇಸ್ತ್ರಿಗೆ ಬೀಡಿ ಮರೆತೇ ಹೋಯಿತು. ಬಾನೆಟ್ಟಿನ ಕೆಳಗಿನ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿದ. ಕಳ್ಳ ಇರುವ ದಾರಿಯ ಫ್ಯೂಸು ಕಿತ್ತರೆ ಮೀಟರು ಸಟ್ಟನೆ ಕೆಳಗೆ ಬರಬೇಕು, ಅದು ಲೆಕ್ಕ. ಇಲ್ಲಿ ಹಾಗಾಗಲಿಲ್ಲ. ಇದನ್ನು ಕಿತ್ತರೆ ಸ್ವಲ್ಪ ಇಳಿಯಿತು, ಅದನ್ನು ಕಿತ್ತರೂ ಸ್ವಲ್ಪ ಇಳಿಯಿತು. ತಪ್ಪು ಎಲ್ಲರದೂ ಅನ್ನುವ ಹಾಗೆ ಇತ್ತು, ಯಾರದೂ ಅಲ್ಲ ಅನ್ನುವ ಹಾಗೂ ಇತ್ತು. ಅರ್ಧ ತಾಸಿಗೆ ಮೀಟರು ತಾನಾಗಿಯೇ ಸೊನ್ನೆಗೆ ಬಂತು. ಇನ್ನೇನು ಸರಿಹೋಯಿತು ಅನ್ನುವಷ್ಟರಲ್ಲಿ ಮತ್ತೆ ಆರಕ್ಕೆ ಹಾರಿತು.

ಮೇಸ್ತ್ರಿ ಮೂವತ್ತು ವರ್ಷ ವೈರು ಹಿಡಿದವನು. ಸೋರುವ ಜಾಗ ಒಂದೇ ಕಡೆ ಇರುತ್ತದೆ, ಹಗಲೂ ರಾತ್ರಿ ಅಲ್ಲೇ ಇರುತ್ತದೆ. ಇದು ಬರುತ್ತದೆ, ಹೋಗುತ್ತದೆ. ಸೋರಿಕೆಗೆ ಕಾಲಿರುವುದಿಲ್ಲ, ಇದಕ್ಕೆ ಕಾಲಿದೆ ಅಂದುಕೊಂಡ. ಕಾಲಿದ್ದ ಮೇಲೆ ಹೆಜ್ಜೆಯ ಸಪ್ಪಳ ಇರಲೇಬೇಕು. ಮೀಟರು ನೋಡುವುದನ್ನು ಬಿಟ್ಟು ಕಿವಿಗೊಟ್ಟು ಕೂತ.

ವ್ಯಾಪಾರಿಯ ಚಪ್ಪಲಿ ಚಟಪಟ ಅಂತು. ಅಂಗಡಿಯಿಂದ ಮನೆಯೊಳಗೆ ಹೋಗುತ್ತಿದ್ದ. ಹೋಗುತ್ತ ಗಾಡಿಯ ಕಡೆ ನೋಡಿದ, ಅಂಗಿಯ ಜೇಬಿಗೆ ಕೈ ಹಾಕಿ ಕೀಯ ಗುಂಡಿ ಒತ್ತಿದ. ಗಾಡಿ ಸಣ್ಣಗೆ ಟುಂಯ್ ಅಂತು, ದೀಪ ಮಿಟುಕಿಸಿತು; ಇಷ್ಟು ಹೊತ್ತು ಮೀಟರಿನಲ್ಲೇ ಮುಳುಗಿದ್ದ ಮೇಸ್ತ್ರಿ ಇದನ್ನು ಗಮನಿಸಿಯೇ ಇರಲಿಲ್ಲ. ಜೀವ ಇದೆ ಎಂದು ವ್ಯಾಪಾರಿಗೆ ಸಮಾಧಾನವಾಯಿತು, ಒಳಗೆ ಹೋದ. ಮೀಟರು ಆರಕ್ಕೆ ಹಾರಿತ್ತು.

ಮೇಸ್ತ್ರಿ ಕರೆದು ಕೇಳಿದ. ವ್ಯಾಪಾರಿ ಏನನ್ನೂ ಮುಚ್ಚಿಡಲಿಲ್ಲ. ಬ್ಯಾಟರಿ ಇದೆಯೋ ಇಳಿಯಿತೋ ಎಂದು ಮೊದಲು ದಿನಕ್ಕೆ ಎರಡು ಸಲ ಒತ್ತಿ ನೋಡುತ್ತಿದ್ದ. ಒಮ್ಮೆ ಮೋಸ ಹೋದ ಮೇಲೆ ತಾಸಿಗೊಮ್ಮೆ ನೋಡತೊಡಗಿದ. ಕೆಲವು ಸಲ ಒಳಗೆ ಕೂತು ಕೀ ತಿರುಗಿಸಿ ಮುಂದಿನ ದೀಪಗಳೆಲ್ಲ ಹತ್ತುತ್ತವೆಯೇ ಎಂದೂ ನೋಡುತ್ತಿದ್ದ. ಆದರೆ ಎಂಜಿನ್ ಮಾತ್ರ ಚಾಲೂ ಮಾಡುತ್ತಿರಲಿಲ್ಲ, ಸುಮ್ಮನೆ ಎಣ್ಣೆ ಯಾಕೆ ಸುಡಬೇಕು ಎಂದು. ವ್ಯಾಪಾರಿ ಅಲ್ಲವೇ.

ಇಲ್ಲಿ ಫಕೀರಪ್ಪ ಬಾಯಿ ತುಂಬ ನಕ್ಕ. "ಎಂಥಾ ಮಳ್ಳ ಮನಷ್ಯಾರಿ ಅವ. ತಾನ ಎಬ್ಬಸ್ತಾನ, ತಾನ ಮತ್ತ ಯಾಕ ದಣದೈತಿ ಅಂತಾನ."

"ಮಳ್ಳ ಅನ್ನಬ್ಯಾಡ," ಅಂದರು ಅಜ್ಜ. "ಆ ಗಾಡಿ ಮ್ಯಾಲ ಅವನ ಜೀವಾನ ಇತ್ತು."

ಮೇಸ್ತ್ರಿಯೂ ಅವನನ್ನು ಮಳ್ಳ ಅನ್ನಲಿಲ್ಲ. "ಯಜಮಾನ್ರ, ನಿಮ್ಮ ಗಾಡಿಗೆ ಜಡ್ಡಿಲ್ಲ. ಅದಕ್ಕ ನಿದ್ದಿ ಇಲ್ಲ," ಅಂದ. ಆಮೇಲೆ ಕೈ ಚಾಚಿ ಹೇಳಿದ: "ಕೀ ಇಲ್ಲಿ ಕೊಡ್ರಿ."

ಕೀ ಮೇಸ್ತ್ರಿಯ ಜೇಬು ಸೇರಿತು. ಗಾಡಿ ಮತ್ತೆ ಮಲಗಿತು, ಮೀಟರಿನ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಅವತ್ತು ಮಧ್ಯಾಹ್ನವೆಲ್ಲ ವ್ಯಾಪಾರಿಯ ಕೈ ಬರಿದಾದ ಜೇಬಿಗೆ ಹೋಗುವುದು, ಬರುವುದು. ಬಾಗಿಲಲ್ಲಿ ಕೂತಿದ್ದ ಹೆಂಡತಿ ಇದನ್ನು ನೋಡುತ್ತ ಇದ್ದವಳು ಕೊನೆಗೆ ಬಾಯಿ ಬಿಟ್ಟಳು.

"ನನ್ನೂ ಹಿಂಗ ಮಾಡ್ತಾರ ನೋಡ್ರಿ ಅಣ್ಣಾರ. ಊಟ ಆಗಿ ಒಂದು ಕಣ್ಣು ಹತ್ತೂದ್ರಾಗ ಬಂದು, ನೋವು ಐತೇನು, ಆರಾಮ ಅದೀಯೇನು ಅಂತ ಎಬ್ಬಿಸಿ ಕೇಳ್ತಾರ. ಕಾಳಜಿಗೆ ಕೇಳ್ತಾರ, ಖರೆ. ಆದ್ರ ನನಗ ಹೊಟ್ಯಾಗಿನ ಕೂಸಿನ ಭಾರಕ್ಕಿಂತ ಇವರ ಕಾಳಜಿನ ಭಾರ ಆಗೈತಿ."

ವ್ಯಾಪಾರಿ ತಲೆ ತಗ್ಗಿಸಿದ. ಇಷ್ಟು ದಿನ ಒಂದೇ ಕಡೆ ಸೋರುತ್ತಿದೆ ಅಂದುಕೊಂಡಿದ್ದ. ಮೇಸ್ತ್ರಿ ಆ ಕೀಯನ್ನು ಅವಳ ಕೈಗೇ ಕೊಟ್ಟ. ವ್ಯಾಪಾರಿ ಅಂಜುತ್ತ ಕೇಳಿದ, ಹಾಗಾದರೆ ನಾನು ಗಾಡಿಯ ಕಡೆ ನೋಡಲೇಬಾರದೇ ಎಂದು. ಮೇಸ್ತ್ರಿ ಮೀಟರನ್ನು ಚೀಲಕ್ಕೆ ಹಾಕುತ್ತ ಹೇಳಿದ: "ಸುಮ್ಮ ಸುಮ್ಮನ ಎಬ್ಬಿಸಿ ನೋಡಬ್ಯಾಡ್ರಿ. ಮೂರು ದಿನಕ್ಕೊಮ್ಮೆ ಇವರನ್ನ ಕೂಡಿಸಿಕೊಂಡು ಕಾಲುವಿ ತನಕ ಹೋಗಿ ಬರ್ರಿ. ನೋಡಿದ್ರ ಇಳೀತೈತಿ, ಓಡಿದ್ರ ತುಂಬತೈತಿ."

ಅಂದಿನಿಂದ ವ್ಯಾಪಾರಿಗೆ ಮೊದಲ ಎರಡು ದಿನ ಪ್ರಾಣಸಂಕಟ. ಮೂರನೆಯ ದಿನ ಹೆಂಡತಿಯೇ ಕೀ ಕೊಟ್ಟಳು. ಇಬ್ಬರೂ ಕಾಲುವೆಯ ತನಕ ಹೋದರು, ಒಂದು ಪೊಟ್ಟಣ ಗಿರ್ಮಿಟ್ ತಿಂದರು, ತಿರುಗಿ ಬಂದರು. ಎಷ್ಟೋ ದಿನದ ಮೇಲೆ ಅವನು ಅವಳ ಜೊತೆ ನೋವಿನ ವಿಷಯ ಬಿಟ್ಟು ಬೇರೆ ಮಾತು ಆಡಿದ. ಇನ್ನೂ ಎರಡು ಸಲ ಹೀಗೇ ಹೋಗಿ ಬಂದರು. ಹತ್ತನೆಯ ದಿನ ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, ಸೆರಗಿನ ಗಂಟು ಬಿಚ್ಚಿ ಕೀ ಕೊಟ್ಟಳು.

ಅಜ್ಜ ಕತೆ ನಿಲ್ಲಿಸಿ ಶೇಂಗಾ ಸಿಪ್ಪೆಯನ್ನು ಒಟ್ಟು ಮಾಡಿದರು.

"ಗಾಡಿ ಚಾಲೂ ಆತೇನ್ರಿ?" ಫಕೀರಪ್ಪ ಕಟ್ಟೆಯ ತುದಿಗೆ ಸರಿದು ಕೂತಿದ್ದ.

"ಒಂದ ಸಲಕ್ಕ," ಅಂದರು ಅಜ್ಜ. "ಹೆಣ್ಣು ಕೂಸು. ಆ ಕೂಸು ಈಗ ಸಾಲಿಗೆ ಹೊಂಟೈತಿ."

ಫಕೀರಪ್ಪನಿಗೆ ನಿಜಕ್ಕೂ ಸಂತೋಷವಾಯಿತು. ತನ್ನದೇ ಮನೆಯಲ್ಲಿ ಹೆರಿಗೆಯಾದಷ್ಟು ಹಗುರವಾಗಿ ಉಸಿರು ಬಿಟ್ಟ. ಆಮೇಲೆ ತಾನು ಬಂದ ಕೆಲಸ ನೆನಪಾಯಿತು.

"ಕತಿ ಬಾಳ ಚಲೋ ಐತ್ರಿ ಅಜ್ಜಾರ. ಆದ್ರ ಸೋಮವಾರ ಬಂತಲ್ರಿ. ನಮ್ಮ ಮನ್ಯಾಗ ಸೋರೂದು ಎಲ್ಲಿ ಅಂತ ನೀವು..." ಎನ್ನುತ್ತ ಅವನು ಮಡಿಲಲ್ಲಿದ್ದ ಫೋನಿನ ಕಡೆ ನೋಡಿದ. ಹೆಬ್ಬೆರಳು ಆಗಲೇ ನೀಲವ್ವನ ನಂಬರಿನ ಮೇಲಿತ್ತು. ತಲೆ ಎತ್ತಿದರೆ ಮುಂದೆ ಅಜ್ಜನ ಅಂಗೈ ಚಾಚಿತ್ತು.

"ಕೀ ಇಲ್ಲಿ ಕೊಡು, ಫಕೀರಪ್ಪ," ಅಂದರು ಅಜ್ಜ.