ಕಂಬಕ್ಕೆ ಏರದ ಬಟ್ಟೆ

"ಗುರುಗಳೇ, ನಾನು ಬರೆದ ಪ್ರೋಗ್ರಾಂ ದಿನವೂ ಷೇರುಪೇಟೆಯ ಸರ್ವರ್ ಅನ್ನು ಕೇಳುತ್ತದೆ, ನಮ್ಮ ಆರ್ಡರ್ ಏನಾದರೂ ಬಾಕಿ ಇದೆಯೇ ಎಂದು. ಕೆಲವು ಸಲ 'ಇಲ್ಲ' ಎಂಬ ಉತ್ತರ ಬರುತ್ತದೆ. ಕೆಲವು ಸಲ ಎರರ್ ಬರುತ್ತದೆ, ಅಥವಾ ಏನೂ ಬರುವುದಿಲ್ಲ. ನಾನು ಎಲ್ಲವನ್ನೂ 'ಇಲ್ಲ' ಎಂದೇ ತೆಗೆದುಕೊಂಡು ಮುಂದಕ್ಕೆ ಹೋಗುತ್ತೇನೆ. ಅದರಲ್ಲಿ ತಪ್ಪೇನು?" ಎಂದು ಶಿಷ್ಯೆ ಕೇಳಿದಳು.

ಗುರು ಒಂದು ಕತೆ ಹೇಳಿದರು.

ಒಬ್ಬ ಉಪ್ಪಿನ ವ್ಯಾಪಾರಿ ಇದ್ದ. ಅವನ ಮನೆ ಹೊಳೆಯ ದಡದಲ್ಲಿತ್ತು. ಹೊಳೆಯ ನಡುಗಡ್ಡೆಯಲ್ಲಿ ಅವನದೇ ಒಂದು ಉಗ್ರಾಣ. ಅದನ್ನು ಅವನ ತಮ್ಮ ಒಬ್ಬನೇ ನೋಡಿಕೊಳ್ಳುತ್ತಿದ್ದ. ಬೆಳಿಗ್ಗೆ ಅಣ್ಣ ಈ ದಡದಲ್ಲಿ ಶಂಖ ಊದುತ್ತಿದ್ದ. ಉಪ್ಪು ಬೇಕೇ ಎಂದು ಅದರ ಅರ್ಥ. ಬೇಕಿದ್ದರೆ ತಮ್ಮನು ಉಗ್ರಾಣದ ಮುಂದಿನ ಕಂಬಕ್ಕೆ ಬಿಳಿ ಬಟ್ಟೆ ಏರಿಸುತ್ತಿದ್ದ, ಬೇಡವಾದರೆ ಕೆಂಪು. ಆ ವರ್ಷ ಕೊಳ್ಳುವವರು ಕಡಿಮೆ. ಕೆಂಪೇ ಹೆಚ್ಚು ಏರುತ್ತಿತ್ತು.

ಒಂದು ಬೆಳಿಗ್ಗೆ ಯಾವ ಬಟ್ಟೆಯೂ ಏರಲಿಲ್ಲ.

"ರೀ, ಇವತ್ತು ಕೆಂಪೂ ಕಾಣ್ತಿಲ್ಲವಲ್ಲ," ಎಂದಳು ವ್ಯಾಪಾರಿಯ ಹೆಂಡತಿ.

"ಮೈಗಳ್ಳ. ವ್ಯಾಪಾರ ಇಲ್ಲ ಅಂತ ಮುಸುಕು ಹಾಕ್ಕೊಂಡು ಮಲಗಿರ್ತಾನೆ," ಎಂದು ವ್ಯಾಪಾರಿ ನಕ್ಕ.

"ಒಬ್ಬನೇ ಇದ್ದಾನೆ ರೀ. ಒಂದು ಸಲ ದೋಣಿ ಕಳಿಸಿ ನೋಡಬಾರದಾ?"

"ಬೇಕಿದ್ದರೆ ಬಿಳಿ ಏರಿಸ್ತಿದ್ದ. ಖಾಲಿ ದೋಣಿ ಕಳಿಸಿ ಅಂಬಿಗನಿಗೆ ದಂಡಕ್ಕೆ ಕೂಲಿ ಕೊಡಲಾ?"

ಮರುದಿನವೂ ಶಂಖ ಊದಿದ. ಬರಿಯ ಕಂಬ ನೋಡಿದ. ಬೇಡವಂತೆ ಎಂದುಕೊಂಡು ಒಳಗೆ ಹೋದ. ಅದರ ಮರುದಿನವೂ ಹಾಗೆಯೇ ಆಯಿತು. ಆಮೇಲೆ ಹೆಂಡತಿ ತಾನೇ ಹೋಗಿ ದೋಣಿಯಲ್ಲಿ ಕೂತಳು. ವ್ಯಾಪಾರಿ ಗೊಣಗುತ್ತ ಹಿಂದೆ ಬಂದು ಹತ್ತಿದ.

ನಡುಗಡ್ಡೆಯಲ್ಲಿ ಉಗ್ರಾಣದ ಹೊಸಿಲಿಗೂ ಕಂಬಕ್ಕೂ ನಡುವೆ ತಮ್ಮ ಬಿದ್ದಿದ್ದ. ಜ್ವರದಲ್ಲಿ ಅಲ್ಲಿಯವರೆಗೆ ತೆವಳಿಕೊಂಡು ಬಂದಿದ್ದ. ಹಾಸಿಗೆಯ ಪಕ್ಕದ ಗಡಿಗೆಯಲ್ಲಿ ಒಂದು ಹನಿ ನೀರಿರಲಿಲ್ಲ. ಅತ್ತಿಗೆ ಅವನ ಎದೆಯ ಮೇಲೆ ಕೈಯಿಟ್ಟಳು. ಉಸಿರು ನಿಂತಿತ್ತು. ಮೈ ಇನ್ನೂ ಬೆಚ್ಚಗಿತ್ತು.

"ದಿನಾ ಕೇಳಿದೆನಲ್ಲೋ," ಎಂದು ವ್ಯಾಪಾರಿ ಅವನ ಪಕ್ಕದಲ್ಲಿ ಕುಸಿದ. "ದಿನಾ ಕೇಳಿದೆ ಕಣೋ, ತಮ್ಮಾ."

ಗುರು ಕತೆ ನಿಲ್ಲಿಸಿದರು.

ಶಿಷ್ಯೆ ಕೇಳಿದಳು, "ಆದರೆ ದಿನಾ ಬೇಡ ಅಂತಲೇ ಬರುತ್ತಿತ್ತಲ್ಲ. ಅವತ್ತು ಮಾತ್ರ ಬೇರೆ ಅಂತ ಅವನಿಗೆ ಹೇಗೆ ತಿಳಿಯಬೇಕು?"

ಗುರು ಹೇಳಿದರು, "ಬೇಡ ಎನ್ನುವುದಕ್ಕೂ ಆಚೆ ಕಡೆ ಒಬ್ಬರು ಬದುಕಿರಬೇಕಮ್ಮ."