ಗಂಧ ಹಚ್ಚಿದ ಸೀಡಿ

“ಗುರುಗಳೇ, ನೀವಿಲ್ಲದ ಕಾಲಕ್ಕೆ ನಿಮ್ಮ ಮಾತನ್ನು ಹೇಗೆ ಉಳಿಸಿಕೊಳ್ಳಲಿ?” ಎಂದು ಶಿಷ್ಯ ಮಡಿವಾಳಯ್ಯ ಕೇಳಿದ.

“ನಾನು ಇನ್ನೂ ಇಲ್ಲೇ ಕೂತಿದ್ದೇನಲ್ಲಯ್ಯಾ! ಇಷ್ಟು ಬೇಗ ಕಳಿಸಿಬಿಟ್ಟೆಯಾ?” ಎಂದು ಗುರುಗಳು ಗದರಿದರು.

ಮಡಿವಾಳಯ್ಯನ ಕಣ್ಣು ತುಂಬಿತು. ಗುರುಗಳ ದನಿ ಈಚೆಗೆ ಕುಗ್ಗಿತ್ತು. ಅವರ ಪ್ರವಚನಗಳನ್ನೆಲ್ಲ ಅವನು ಮೊಬೈಲಿನಲ್ಲಿ ಹಿಡಿದು, ಒಂದು ಮೆಮೊರಿ ಕಾರ್ಡಿಗೆ ತುಂಬಿ, ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಪೂಜೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದ. ಹಾಸಿಗೆ ಹಿಡಿದ ತಾಯಿಗೆ ಕೇಳಿಸಬೇಕೆಂದು ಹಿಂದಿನ ದಿನ ಒಬ್ಬ ಹೆಂಗಸು ಬೇಡಿಕೊಂಡಾಗಲೂ, ಕೆಟ್ಟುಹೋದೀತೆಂದು ಕೊಟ್ಟಿರಲಿಲ್ಲ. ಆ ಸಂಗತಿ ಗುರುಗಳ ಕಿವಿಗೆ ಬಿದ್ದಿತ್ತು. ಅವರು ಅದನ್ನು ಎತ್ತಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೇಡಿಯೋ ರಿಪೇರಿಯವನಿದ್ದ. ರೇಡಿಯೋ ತರುವವರು ಕಡಿಮೆಯಾದ ಮೇಲೆ ಕಂಪ್ಯೂಟರ್ ರಿಪೇರಿ ಕಲಿತ. ಹೊಟ್ಟೆಪಾಡು, ಬಿಡುವಂತಿಲ್ಲವಲ್ಲ. ಅವನಿಗೊಬ್ಬ ಗೆಳೆಯ. ಇಬ್ಬರಿಗೂ ಲಿನಕ್ಸಿನ ಹುಚ್ಚು.

ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ವಿದ್ಯೆ ಎಂದುಕೋ. ಅದಕ್ಕೆ ಒಬ್ಬ ಒಡೆಯನೆಂದಿಲ್ಲ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು; ಊರ ಕೆರೆಯ ನೀರಿದ್ದ ಹಾಗೆ. ಆಗಿನ್ನೂ ಆ ಊರಿಗೆ ಇಂಟರ್ನೆಟ್ ಸರಿಯಾಗಿ ಬಂದಿರಲಿಲ್ಲ. ಲಿನಕ್ಸ್ ಬರುತ್ತಿದ್ದದ್ದು ಸೀಡಿಯಲ್ಲಿ. ಪತ್ರಿಕೆಯ ಜೊತೆಗೆ ಬರುತ್ತಿತ್ತು, ಇಲ್ಲವೆ ಬಸ್ಸಿನಲ್ಲಿ ಯಾರದೋ ಚೀಲದೊಳಗೆ. ಭಾನುವಾರ ಹುಚ್ಚರೆಲ್ಲ ರಿಪೇರಿ ಅಂಗಡಿಯಲ್ಲಿ ಸೇರಿ ಪ್ರತಿ ಮಾಡಿಕೊಳ್ಳುತ್ತಿದ್ದರು. ಅಲ್ಲೊಂದು ಕಟ್ಟಳೆಯಿತ್ತು: ಒಂದು ಸೀಡಿ ಪಡೆದವನು ಎರಡು ಮಾಡಿ ಇಬ್ಬರಿಗೆ ಕೊಡಬೇಕು.

ಹೊಸದು ಬಂದರೆ ಹಳೆಯದನ್ನು ಯಾರು ಕೇಳುತ್ತಾರೆ? ಜನ ಅದನ್ನು ಹಕ್ಕಿ ಬೆದರಿಸಲು ಹೊಲದಲ್ಲಿ ಕಟ್ಟಿದರು, ಸೈಕಲ್ಲಿನ ಹಿಂದೆ ಸಿಕ್ಕಿಸಿದರು. ರಿಪೇರಿಯವನಿಗೆ ಕರುಳು ಚುರುಕ್ಕೆನ್ನುತ್ತಿತ್ತು. ಮೊದಮೊದಲ ಲಿನಕ್ಸುಗಳನ್ನೆಲ್ಲ ಆರಿಸಿ ತಂದು ಒಂದು ಟ್ರಂಕಿನಲ್ಲಿಟ್ಟ. ಅದು ತಪ್ಪಲ್ಲ. ಅವನ ಪ್ರೀತಿ ದೊಡ್ಡದೇ.

ಅವುಗಳಲ್ಲಿ ಒಂದು ಸೀಡಿ ಗೆಳೆಯರಿಬ್ಬರೂ ಕೂತು ತಯಾರಿಸಿದ್ದು. ಅದನ್ನು ಹಾಕಿ ಯಂತ್ರ ಚಾಲೂ ಮಾಡಿದರೆ ಪರದೆಯ ಮೇಲೆ ಕನ್ನಡ ಅಕ್ಷರ ಬರುತ್ತಿದ್ದವು. ಜೊತೆಗೆ ಗೆಳೆಯನ ದನಿ: “ಬಂದ್ರಾ? ಬನ್ನಿ, ಕೂತ್ಕೊಳ್ಳಿ.” ಅಷ್ಟೇ. ಕಂಪ್ಯೂಟರ್ ಕನ್ನಡ ಮಾತಾಡಿದ್ದನ್ನು ಕೇಳಿ ಊರಿಗೆ ಊರೇ ನಕ್ಕಿತು. ಗೆಳೆಯ ಕಟ್ಟಳೆಯಂತೆ ಒಂದು ಪ್ರತಿಯನ್ನು ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನ ಹೆಂಗಸಿಗೆ ಕೊಟ್ಟ. ರಿಪೇರಿಯವನು ಸಿಟ್ಟಿಗೆದ್ದ. “ಮಂಗನ ಕೈಗೆ ಮಾಣಿಕ್ಯ ಕೊಟ್ಟೆಯಲ್ಲೋ! ಆ ಮಸಿ ಕೈಯಲ್ಲಿ ಅದು ಒಂದು ವಾರ ಬಾಳೀತೇ?” ಎಂದ. ಆ ಮಾತು ಆಕೆಯ ಕಿವಿಗೂ ಬಿತ್ತು. ಅಂದಿನಿಂದ ಅವನು ಪ್ರೆಸ್ಸಿನ ಬೀದಿ ತುಳಿಯಲಿಲ್ಲ.

ಗೆಳೆಯ ಜ್ವರ ಬಂದು ತೀರಿಕೊಂಡ. ಮಗಳು ತೊಟ್ಟಿಲಲ್ಲಿದ್ದಳು. ಹೆಂಡತಿ ಮಗುವನ್ನು ಕಟ್ಟಿಕೊಂಡು ತವರೂರಿಗೆ ಹೋದಳು. ಮಾತಾಡಿದ್ದನ್ನೆಲ್ಲ ಫೋನಿನಲ್ಲಿ ಹಿಡಿದಿಡುವ ಕಾಲ ಅದಲ್ಲ. ಅವನ ದನಿ ಎಂದು ಉಳಿದದ್ದು ಆ ಸೀಡಿಯಲ್ಲಿ ಮಾತ್ರ.

ಇನ್ನು ಕೇಳು. ರಿಪೇರಿಯವನು ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ. ಪ್ರತಿ ಮಾಡಲಿಲ್ಲ. ಗೀರು ಬಿದ್ದೀತೆಂದು ತಾನೂ ಹಾಕಿ ಕೇಳಲಿಲ್ಲ. ಕೇಳಬೇಕೆಂದು ಜೀವ ಹಾತೊರೆದಾಗ ಟ್ರಂಕಿನ ಮೇಲೆ ಕೈಯಿಟ್ಟು ಕೂರುತ್ತಿದ್ದ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಹೊರತೆಗೆಯುತ್ತಿದ್ದ. ಕಸಬಿನವರು ಸ್ಕ್ರೂಡ್ರೈವರಿಗೂ ಕುಂಕುಮ ಹಚ್ಚುತ್ತಾರೆ. ಗೆಳೆಯನ ದನಿಯನ್ನು ಬಿಟ್ಟಾನೇ? ಹಿಂದಿನ ವರ್ಷದ ಕಲೆಯನ್ನು ಒದ್ದೆ ಬಟ್ಟೆಯಿಂದ ಉಜ್ಜಿ, ಸೀಡಿಯ ಮೇಲೆ ಹಸಿ ಗಂಧದ ಬೊಟ್ಟುಗಳನ್ನಿಟ್ಟು, ಹೂವೇರಿಸಿ, ಕೈಮುಗಿದು ಮತ್ತೆ ಒಳಗಿಡುತ್ತಿದ್ದ.

ಗೆಳೆಯನ ಮಗಳು ಬೆಳೆದಳು. ಮದುವೆ ಗೊತ್ತಾಯಿತು. ಕರೆಯಲು ಬಂದವಳು ಲಗ್ನಪತ್ರಿಕೆ ಕೊಟ್ಟು ಹೇಳಿದಳು: “ಮಾಮ, ಅಪ್ಪನ ದನಿ ಕೇಳಿಸಿ ಅಂದಾಗಲೆಲ್ಲ ‘ದೊಡ್ಡವಳಾಗು, ಆಮೇಲೆ’ ಅಂತಿದ್ರಿ. ಈಗ ಮದುವೆನೇ ಬಂತು. ಮಂಟಪದ ಬಾಗಿಲಲ್ಲಿ ಬಂದವರಿಗೆ ಅಪ್ಪನೇ ಬನ್ನಿ ಅನ್ನಲಿ. ನನಗೆ ಬೇರೇನೂ ಬೇಡ.”

ಅವನು ಟ್ರಂಕು ತೆರೆದ. ಸೀಡಿಯನ್ನು ಯಂತ್ರಕ್ಕೆ ಹಾಕಿದ. ಅದು ಗರಗರ ತಿರುಗಿ ನಿಂತಿತು. ಮತ್ತೆ ಹಾಕಿದ. ಮತ್ತೆ ನಿಂತಿತು. ಹೊರತೆಗೆದು ಬೆಳಕಿಗೆ ಹಿಡಿದ. ಗಂಧ ಹಚ್ಚಿದಲ್ಲೆಲ್ಲ ಬೆಳ್ಳಿಯಂಥ ಪೊರೆ ಎದ್ದುಹೋಗಿತ್ತು. ಎದ್ದ ಜಾಗದಲ್ಲಿ ಆಚೆ ನಿಂತ ಹುಡುಗಿಯ ಮುಖ ಕಾಣುತ್ತಿತ್ತು. ಸೀಡಿಯ ಜೀವವೇ ಆ ಪೊರೆ; ಅದು ರಿಪೇರಿಯವನಿಗೆ ಗೊತ್ತಿಲ್ಲದ್ದೇನಲ್ಲ. ಬೇರೆಯವರ ಸೀಡಿಯಾಗಿದ್ದರೆ ನೀರು ತಾಗಿಸಬೇಡಿ ಎಂದು ಅವನೇ ಬೈಯುತ್ತಿದ್ದ. ಪೂಜೆಗೆ ಕೂತಾಗ ಕಸಬು ಮರೆತಿದ್ದ, ಅಷ್ಟೇ. ನೆಲದ ಮೇಲೆ ಕೂತು ಗೊಳೋ ಎಂದು ಅತ್ತ.

ಆಗ ಪ್ರೆಸ್ಸಿನ ಹೆಂಗಸಿನ ನೆನಪಾಯಿತು. ಅವಳ ಹತ್ತಿರವಿದ್ದದ್ದು ಎಂದೋ ತಿಪ್ಪೆ ಸೇರಿರುತ್ತದೆ ಎಂದುಕೊಂಡ. ಆದರೂ ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಹುಡುಗಿಯನ್ನು ಕರೆದುಕೊಂಡು ಹೊರಟ.

ಆಕೆ ಆಗಷ್ಟೇ ಪ್ರೆಸ್ಸಿನ ಬಾಗಿಲು ತೆರೆದು ಕಂಪ್ಯೂಟರ್ ಚಾಲೂ ಮಾಡಿದ್ದಳು. ಇವರು ಮೆಟ್ಟಿಲು ಹತ್ತುವಾಗ ಒಳಗಿನಿಂದ ಕೇಳಿಸಿತು: “ಬಂದ್ರಾ? ಬನ್ನಿ, ಕೂತ್ಕೊಳ್ಳಿ.”

ಯಾರ ದನಿಯೆಂದು ಹುಡುಗಿಗೆ ಯಾರೂ ಹೇಳಬೇಕಾಗಲಿಲ್ಲ. “ಬಂದೆ ಅಪ್ಪ” ಎಂದಳು. ಒಳಗೆ ಹೋಗಿ ಬೆಂಚಿನ ಮೇಲೆ ಕೂತಳು.

ಪ್ರೆಸ್ಸಿನ ಹೆಂಗಸು ಹಳೆಯ ಮಾತನ್ನು ತೆಗೆಯಲಿಲ್ಲ. “ಇದು ಅವರು ಕೊಟ್ಟ ಸೀಡಿ ಅಲ್ಲ ಅಣ್ಣ, ಅದು ಎಂದೋ ಸವೆದುಹೋಯ್ತು. ಸವೆಯೋ ಮುಂಚೆ ಇನ್ನೊಂದು ಮಾಡ್ಕೊಂಡೆ, ಅದು ಕೆಡೋ ಮುಂಚೆ ಮತ್ತೊಂದು. ಕೇಳಿದವರಿಗೂ ಕೊಟ್ಟೆ. ಕಟ್ಟಳೆ ಅಲ್ವಾ? ಪತ್ರಿಕೆ ಮಾಡಿಸೋಕೆ ಬೆಳಿಗ್ಗೆ ಬರೋರು ಇವರಿಗೆ ‘ಬಂದ್ವಿ’ ಅಂತ ಹೇಳಿಯೇ ಒಳಗೆ ಬರ್ತಾರೆ” ಎಂದಳು.

ರಿಪೇರಿಯವನು ಹೊಸ್ತಿಲ ಹೊರಗೇ ನಿಂತಿದ್ದ. “ದಿನಾ ಕರೀತಿದ್ದನಲ್ಲವ್ವಾ! ಎರಡು ಬೀದಿ ಆಚೆ ಟ್ರಂಕು ತಬ್ಬಿಕೊಂಡು ಇವನಿಗಾಗಿ ಹಂಬಲಿಸ್ತಾ ಕೂತಿದ್ದೆ. ಒಂದು ದಿನವೂ ಬರಲಿಲ್ಲ” ಎಂದ.

ಗುರುಗಳು ಕತೆ ನಿಲ್ಲಿಸಿ ನೀರು ಕುಡಿದರು.

“ಮದುವೆಯಲ್ಲಿ ಆ ದನಿ ಕೇಳಿಸಿತೇ ಗುರುಗಳೇ?”

“ಕೇಳಿಸದೆ ಏನು? ಬಾಗಿಲಲ್ಲಿ ಎಲ್ಲರೂ ‘ಬಂದ್ವಿ’ ಎಂದೇ ಒಳಗೆ ಹೋದರು. ಆ ಹುಡುಗಿಯೂ ಎರಡು ಪ್ರತಿ ಮಾಡಿ, ಮೊದಲನೆಯದನ್ನು ರಿಪೇರಿಯವನ ಕೈಗೇ ಇಟ್ಟಳು.”

ಮಡಿವಾಳಯ್ಯನ ಕೈ ತಾನಾಗಿಯೇ ಸೊಂಟದ ಕೀಲಿಕೈಗೆ ಹೋಯಿತು. ಗುರುಗಳು ಅದನ್ನು ನೋಡಿದರು.

“ನಿನ್ನ ಪೆಟ್ಟಿಗೆಯೊಳಗೆ ಕೂತು ನಾನು ಯಾರಿಗೆ ಬನ್ನಿ ಅನ್ನಲಿ, ಮಡಿವಾಳಯ್ಯ?”