ದೇವರು ಉಟ್ಟು ಬಿಟ್ಟ ನಾರುಮಡಿ

ನೈಲ್ ನದಿಯ ದಂಡೆಯಲ್ಲೊಂದು ದೇಗುಲ. ಅದರ ಹಿಂದೆ ನೇಯ್ಗೆಯ ಚಪ್ಪರ. ಅಲ್ಲಿ ಹೆನುತ್ ಎಂಬ ಮುದುಕಿ ಗುರು, ತೆತಿ ಅವಳ ಶಿಷ್ಯೆ.

ಈಜಿಪ್ಟಿನ ಆ ದೇವರಿಗೆ ದಿನವೂ ಬಟ್ಟೆ ಬದಲಿಸಬೇಕು. ಅದೂ ಅಗಸೆಯ ನಾರಿನದು, ಉಸಿರು ಬಿಟ್ಟರೆ ಅಲುಗುವಷ್ಟು ತೆಳ್ಳಗಿನದು. ನಾರಿನ ತುದಿಗೆ ತುದಿ ಕೂಡಿಸಿ, ಎಂಜಲು ಹಚ್ಚಿ, ತೊಡೆಯ ಮೇಲೆ ಹೊಸೆದು ನೂಲು ಮಾಡುತ್ತಿದ್ದರು. ಕೂಡಿಸಿದ ಜಾಗ ಬೆರಳಿಗೆ ಸಿಕ್ಕಿತೋ, ಹೆನುತ್ ಆ ನೂಲನ್ನು ಕಿತ್ತು ನದಿಗೆ ಎಸೆಯುತ್ತಿದ್ದಳು. ಅವಳ ಕಣ್ಣು ಮಂಜಾಗಿ ವರ್ಷಗಳಾಗಿದ್ದವು. ಬೆರಳಿಗೆ ಮಾತ್ರ ಮುಪ್ಪು ಬಂದಿರಲಿಲ್ಲ.

ಆ ಬೇಸಿಗೆಯಲ್ಲಿ ತೆತಿಯ ಅವ್ವ ತೀರಿಕೊಂಡಳು. ಅವಳೂ ಅದೇ ಚಪ್ಪರದಲ್ಲಿ ಮೂವತ್ತು ವರ್ಷ ನೇಯ್ದವಳು.

ಸತ್ತವರ ಮೈಯನ್ನು ಬಟ್ಟೆಯಲ್ಲಿ ಸುತ್ತದೆ ಮಣ್ಣು ಮಾಡಿದರೆ, ತಿರುಗಿ ಬರುವ ಜೀವಕ್ಕೆ ತನ್ನ ಮೈಯ ಗುರುತು ಸಿಗದು ಎಂದು ಆ ನಾಡಿನ ನಂಬಿಕೆ. ತೆತಿಯ ಮನೆಯಲ್ಲಿದ್ದದ್ದು ಒಂದೇ ಒಂದು ಹಳೆ ಬಟ್ಟೆ.

“ಗುರುವೇ, ದೇವರು ಉಟ್ಟು ಬಿಟ್ಟ ಬಟ್ಟೆ ಉಗ್ರಾಣದಲ್ಲಿ ರಾಶಿ ಬಿದ್ದಿದೆ. ಅವ್ವ ನೇಯ್ದದ್ದೂ ಒಂದಿದೆ. ಅಂಚಿನಲ್ಲಿ ಅವಳ ಗುರುತು, ಮೂರು ನೀಲಿ ಎಳೆ. ಅದೊಂದನ್ನ ಕೇಳಲಾ?”

“ಕೇಳು.”

“ಕೊಡ್ತಾರಾ?”

“ಕೇಳು ಅಂದೆ. ಕೊಡ್ತಾರೆ ಅನ್ನಲಿಲ್ಲ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಆ ನಾಡಿಗೂ ಸಲ್ಲುತ್ತದೆ. ಉಗ್ರಾಣದ ಪೂಜಾರಿ ಸಿಡುಕನೇನಲ್ಲ, ನಯವಾಗಿಯೇ ಮಾತಾಡಿದ.

“ದೇವರ ಮೈಗೆ ತಾಗಿದ ಬಟ್ಟೆಯಮ್ಮ. ನೇಯುವವಳ ಹೆಣಕ್ಕೆ ಸುತ್ತಿದರೆ ಮೈಲಿಗೆ ಆಗೋಲ್ವಾ?”

“ನೇಯ್ದವಳೇ ಅವಳು ಸ್ವಾಮಿ. ಅದರ ಎಳೆ ಎಳೆಗೂ ಅವಳ ಎಂಜಲಿದೆ.”

“ಅದು ದೇವರು ಉಡೋಕೆ ಮುಂಚಿನ ಮಾತು.”

ಆಗಲೇ ಅವಳಿಗೆ ಪರ್ ಎಂಬ ಸದ್ದು ಕೇಳಿದ್ದು. ಮೂಲೆಯಲ್ಲೊಬ್ಬ ಆಳು ಬಟ್ಟೆಯೊಂದನ್ನು ಪಟ್ಟಿಪಟ್ಟಿಯಾಗಿ ಹರಿಯುತ್ತಿದ್ದ. ಅಂಚಿನಲ್ಲಿ ಮೂರು ನೀಲಿ ಎಳೆ. ಆ ಬಟ್ಟೆಗೆ ಅವ್ವ ನಾಲ್ಕು ತಿಂಗಳು ಮಗ್ಗದ ಮುಂದೆ ಕೂತಿದ್ದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆಳಿನ ಮುಂದೆ ಹಲಗೆಯ ಮೇಲೆ, ಉಪ್ಪಿನಲ್ಲಿ ಒಣಗಿಸಿದ ಸತ್ತ ಬೆಕ್ಕೊಂದು ಮಲಗಿತ್ತು; ಅದರ ಕಾಲಿಗೆ ಆಗಲೇ ಒಂದು ಪಟ್ಟಿ ಸುತ್ತಿತ್ತು.

“ಇದು ಯಾರದು?” ಎಂದಳು ತೆತಿ.

“ಅರಮನೆಯ ಅಧಿಕಾರಿಗಳದು,” ಎಂದ ಪೂಜಾರಿ. “ಪಾಪ, ಬಲು ಅಕ್ಕರೆಯಿಂದ ಸಾಕಿದ್ದರು.”

ತೆತಿ ಅವ್ವನನ್ನು ಹಳೆ ಬಟ್ಟೆಯಲ್ಲೇ ಸುತ್ತಿದಳು. ಮುಖದಿಂದ ಸುತ್ತುತ್ತ ಬಂದರೆ ತೊಡೆಗೇ ಮುಗಿಯಿತು. ಹೆನುತ್ ತನ್ನ ಹೆಗಲ ಮೇಲಿನ ಒರಟು ಬಟ್ಟೆಯನ್ನು ಹರಿದು ಕೊಟ್ಟಳು. ಅದು ಒಂದು ಕಾಲಿಗೆ ಸಾಕಾಯಿತು. ಇನ್ನೊಂದು ಕಾಲಿನ ಮೇಲೆ ಜೊಂಡಿನ ಚಾಪೆ ಹೊದಿಸಿ, ಇಬ್ಬರೂ ಮರಳು ಎಳೆದು ಬಂದರು.

ಮರುದಿನ ಚಪ್ಪರದಲ್ಲಿ ತೆತಿ ತನ್ನ ನಾರಿನ ಬುಟ್ಟಿಯನ್ನು ಪಕ್ಕಕ್ಕೆ ನೂಕಿದಳು.

“ಗುರುವೇ, ಇನ್ನು ಅವರಿಗೆ ಒಳ್ಳೆ ಬಟ್ಟೆ ನೇಯೋದಿಲ್ಲ. ನೂಲು ಕೂಡಿಸುವಲ್ಲೆಲ್ಲ ಸಡಿಲ ಬಿಡ್ತೀನಿ. ದೇವರ ಮೈಮೇಲೇ ಹರಿದು ಬೀಳಲಿ.”

ಗುರು ಬೈಯುತ್ತಾಳೆ ಎಂದುಕೊಂಡಿದ್ದಳು. ಹೆನುತ್ ಒಂದು ಕಂತೆ ನಾರನ್ನು ಅವಳ ಮುಂದಕ್ಕೆ ತಳ್ಳಿದಳು.

“ಮಾಡು.”

ತೆತಿ ಬೆಳಗಿನಿಂದ ಹೊಸೆದಳು. ಅಳುತ್ತ ಹೊಸೆದಳು, ಪೂಜಾರಿಗೆ ಹಿಡಿಶಾಪ ಹಾಕುತ್ತ ಹೊಸೆದಳು. ಇಳಿಹೊತ್ತಿಗೆ ನೂಲಿನ ಉಂಡೆಯನ್ನು ಗುರುವಿನ ಮಡಿಲಿಗೆ ಹಾಕಿದಳು.

ಹೆನುತ್ ಉಂಡೆ ಬಿಚ್ಚಿದಳು. ಗೇಣು ಗೇಣಿಗೂ ಬೆರಳಾಡಿಸಿದಳು, ಮೊಳ ಮೊಳಕ್ಕೂ ಜಗ್ಗಿ ನೋಡಿದಳು. ಉಂಡೆ ಮುಗಿಯಿತು. ನೂಲು ಎಲ್ಲಿಯೂ ತುಂಡಾಗಲಿಲ್ಲ.

“ಹಾಳು ಮಾಡ್ತೀನಿ ಅಂದೆಯಲ್ಲ?”

“ಮಾಡೋಕೆ ಹೋದೆ ಗುರುವೇ. ಸಡಿಲ ಬಿಟ್ಟಾಗೆಲ್ಲ ಬೆರಳು ತಾನಾಗಿ ಹಿಂದೆ ಹೋಗಿ ಬಿಗಿ ಮಾಡ್ತಿತ್ತು. ನೋಡ್ಕೊಂಡು ಸುಮ್ಮನಿರೋಕೆ ನನ್ನಿಂದ ಆಗಲಿಲ್ಲ.”

“ನನ್ನ ಮಗಳು ಸತ್ತಾಗ ನಾನೂ ಹೀಗೇ ಕೂತಿದ್ದೆ. ಹಾಳು ಮಾಡಲೇಬೇಕು ಅಂತ, ಮೂರು ತಿಂಗಳು.”

“ಏನಾಯ್ತು?”

“ಆಗ ನೇಯ್ದಷ್ಟು ಒಳ್ಳೆ ಬಟ್ಟೆ ಮತ್ತೆ ಯಾವತ್ತೂ ನೇಯಲಿಲ್ಲ.”

ತೆತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು.

“ನಮ್ಮ ಕೈಯಿಂದ ಹಾಳು ಮಾಡೋಕೆ ಆಗೋದಿಲ್ಲ ಅಂತ ಆ ಪೂಜಾರಿಗಳಿಗೆ ಗೊತ್ತಾ, ಗುರುವೇ?”

ಹೆನುತ್ ನೂಲನ್ನು ಮತ್ತೆ ಉಂಡೆ ಸುತ್ತತೊಡಗಿದಳು.

“ಉಗ್ರಾಣದ ಬಾಗಿಲಿಗೆ ಇಬ್ಬರು ಕಾವಲುಗಾರರು. ನಮ್ಮ ಚಪ್ಪರಕ್ಕೆ ಯಾವತ್ತಾದರೂ ಒಬ್ಬನನ್ನ ಇಟ್ಟಿದ್ದಾರಾ, ಮಗಳೇ?”